ಕೆಟ್ಟ ಗಣಕದ ಡಿಸ್ಕು ಹಳೆಯ ಗಣಕಕ್ಕೆ: ವರ್ತಕರು ಯೋಚಿಸಬೇಕಾದ ಮಾತು

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ ಲೆಕ್ಕಪತ್ರವೂ ಅಷ್ಟೇ ಮುಖ್ಯವೆಂಬುದನ್ನು ಈ ಮಾಸಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ, ಖತಾವಣಿಗಳು ಗಾದಿಯ ಪಕ್ಕದಲ್ಲಿಯೇ ಇರುತ್ತಿದ್ದವು. ದೀಪ ಆರಿದರೂ, ತಕ್ಕಡಿ ಮುರಿದರೂ ಅವುಗಳನ್ನು ತೆರೆದು ಓದಲು ಅಡ್ಡಿಯಿರಲಿಲ್ಲ. ಇಂದು ಅವುಗಳ ಸ್ಥಾನದಲ್ಲಿ ಗಣಕಯಂತ್ರದೊಳಗಿನ ಅಂಗೈಯಗಲದ ಒಂದು ಡಿಸ್ಕು ಕುಳಿತಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅಡತಿ ಅಂಗಡಿ, ಬೇಳೆ ಗಿರಣಿ, ಹತ್ತಿ ಜಿನ್ನಿಂಗ್, ಬೀಜ-ಗೊಬ್ಬರದ ಮಳಿಗೆ, ಬಟ್ಟೆ ಅಂಗಡಿ ಯಾವುದನ್ನೇ ನೋಡಿದರೂ ಮಾತು ಒಂದೇ: ಮಾಲು ಗೋದಾಮಿನಲ್ಲಿದೆ, ಆದರೆ ಮಾಲಿನ ಲೆಕ್ಕ ಡಿಸ್ಕಿನಲ್ಲಿದೆ.

ಈ ಗಣಕ ಕೆಟ್ಟು ನಿಂತಾಗ ನಮ್ಮ ಭಾಗದಲ್ಲಿ ಸಿದ್ಧವಾದ ಒಂದು ಉಪಾಯವಿದೆ. “ಡಿಸ್ಕ್ ಚಲೋ ಐತಲ್ರಿ, ತಗದು ಹಳೇ ಕಂಪ್ಯೂಟರಿಗೆ ಹಾಕೋಣು” ಎಂದು ದುರಸ್ತಿಗಾರ ಹೇಳುತ್ತಾನೆ, ಮಾಲೀಕ ತಲೆಯಾಡಿಸುತ್ತಾನೆ. ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಪೆಟ್ಟಿಗೆ ಹೊರಬರುತ್ತದೆ. ಎರಡು ತಂತಿ ಸಿಕ್ಕಿಸಿದರೆ ಕೆಲಸ ಆದೀತೆಂದು ಎಲ್ಲರೂ ನಂಬುತ್ತಾರೆ. ಕೆಲವೊಮ್ಮೆ ಆಗುತ್ತದೆ, ಹಲವೊಮ್ಮೆ ಆಗುವುದಿಲ್ಲ. ಆಗದಿದ್ದಾಗ ಮುಂದಿನ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಇಡೀ ಅಂಗಡಿಯ ಲೆಕ್ಕ ನಿಂತಿರುತ್ತದೆ. ಈ ಉಪಾಯವನ್ನು ಸಾರಾಸಗಟಾಗಿ ಖಂಡಿಸುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ಆಪತ್ತಿನ ದಿನ ಮೊದಲ ಬಾರಿಗೆ ಪರೀಕ್ಷಿಸುವುದು ತಪ್ಪು, ಮತ್ತು ಇದ್ದ ಒಂದೇ ಡಿಸ್ಕಿನ ಮೇಲೆ ಪರೀಕ್ಷಿಸುವುದು ದೊಡ್ಡ ತಪ್ಪು ಎಂಬುದಷ್ಟೇ ನನ್ನ ಅಭಿಪ್ರಾಯ.

ನಮ್ಮ ಅಂಗಡಿಯಲ್ಲಿ ನಡೆದದ್ದು

ಅಭಿಪ್ರಾಯಕ್ಕೆ ಆಧಾರವಾಗಿ ನನ್ನದೇ ಅನುಭವವನ್ನು ಓದುಗರ ಮುಂದಿಡುವುದು ಉಚಿತ. 2023ರ ಜನವರಿ. ಸಿಂದಗಿ ಭಾಗದಲ್ಲಿ ಹೊಸ ತೊಗರಿ ಮಾರುಕಟ್ಟೆಗೆ ಬರುವ ದಿನಗಳು. ನಮ್ಮದು ಅಡತಿ ವ್ಯವಹಾರದೊಂದಿಗೆ ಸಣ್ಣ ಬೇಳೆ ಗಿರಣಿ. ಪೊಟ್ಟಣ ತುಂಬಿ ಲೇಬಲ್ ಹಚ್ಚಿದ ಬೇಳೆಕಾಳುಗಳು 2022ರ ಜುಲೈ 18ರಿಂದ ಜಿಎಸ್‌ಟಿ ವ್ಯಾಪ್ತಿಗೆ ಬಂದ ಮೇಲೆ ನಮ್ಮಂಥ ಸಣ್ಣವರಿಗೂ ಗಣಕದ ಬಿಲ್ಲು ಅನಿವಾರ್ಯವಾಗಿತ್ತು. ಒಂದು ಸಂಜೆ ವಿದ್ಯುತ್ ಹೋಗಿ ಬಂದ ಹೊಡೆತಕ್ಕೆ ಗಣಕದ ಮದರ್‌ಬೋರ್ಡ್ ಸುಟ್ಟಿತು. ಯುಪಿಎಸ್ ಇತ್ತು, ಅದರ ಬ್ಯಾಟರಿ ಎಂದೋ ಸತ್ತಿತ್ತು. ಡಿಸ್ಕಿಗೆ ಏನೂ ಆಗಿರಲಿಲ್ಲ.

ಸುಟ್ಟ ಗಣಕ 2019ರಲ್ಲಿ ಕೊಂಡದ್ದು, ವಿಂಡೋಸ್ 10 ಹಾಕಿದ್ದು. ಗೋದಾಮಿನಲ್ಲಿದ್ದ ಹಳೆಯದು 2009ರದು. ಅದರಲ್ಲಿ ವಿಂಡೋಸ್ 7 ತನ್ನ ಪಾಡಿಗೆ ತಾನು ಓಡುತ್ತಿತ್ತು. ದುರಸ್ತಿಗೆ ಬಂದ ಹುಡುಗ ಹಳೆಯದರ ಡಿಸ್ಕು ಬಿಚ್ಚಿ ಹೊಸದರ ಡಿಸ್ಕು ಕೂಡಿಸಿದ. ಆರಂಭಿಸಲು ಯೋಗ್ಯವಾದ ಡಿಸ್ಕೇ ಇಲ್ಲವೆಂದು ಪರದೆ ಹೇಳಿತು. ವಿಂಡೋಸ್ ಕೆಟ್ಟಿದೆಯೆಂದು ಆತ ತೀರ್ಮಾನಿಸಿದ. ಪೆನ್‌ಡ್ರೈವ್‌ನಿಂದ ಹೊಸದಾಗಿ ವಿಂಡೋಸ್ 7 ಹಾಕಲು ಹೋದಾಗ, ಈ ಡಿಸ್ಕು ಜಿಪಿಟಿ ಶೈಲಿಯದು, ಇದರ ಮೇಲೆ ಹಾಕಲಾಗದು ಎಂಬ ಎಚ್ಚರಿಕೆ ಬಂತು. ಅದನ್ನು ದಾಟಲು ಆತ ಡಿಸ್ಕಿನ ಎಲ್ಲ ವಿಭಾಗಗಳನ್ನೂ ಅಳಿಸಿದ. ‘ಡಿ’ ಎಂಬ ವಿಭಾಗದಲ್ಲಿದ್ದ ನಮ್ಮ ಲೆಕ್ಕವೂ ಅದರೊಂದಿಗೆ ಹೋಯಿತು. ಗಣಕ ಸುಂದರವಾಗಿ ಆರಂಭವಾಯಿತು. ಒಳಗೆ ಏನೂ ಇರಲಿಲ್ಲ.

ಆ ಹುಡುಗನನ್ನು ನಾನು ದೂರುವುದಿಲ್ಲ. ಬೇಗ ಮಾಡು ಎಂದು ಅವಸರಪಡಿಸಿದವನು ನಾನೇ. ಪ್ರತಿ ಎಲ್ಲಿದೆ ಎಂದು ಆತ ಕೇಳಿದಾಗ ಇದೆ ಎಂದವನೂ ನಾನೇ. ಇದ್ದ ಪ್ರತಿ ಹದಿನಾಲ್ಕು ತಿಂಗಳು ಹಳೆಯದೆಂಬುದು ಮರುದಿನ ತಿಳಿಯಿತು.

ಕಳೆದುಹೋದುದನ್ನು ಮತ್ತೆ ಕಟ್ಟಲು ಮೂರು ತಿಂಗಳು ಹಿಡಿಯಿತು. ಮಾರಾಟದ ವಿವರ ಜಿಎಸ್‌ಟಿ ಜಾಲತಾಣದಲ್ಲಿ ನಾವೇ ಸಲ್ಲಿಸಿದ ವಿವರಣಾ ಪತ್ರಗಳಿಂದ ದೊರೆಯಿತು. ಹಣದ ಹರಿವು ಬ್ಯಾಂಕಿನ ಹೇಳಿಕೆಯಿಂದ ದೊರೆಯಿತು. ಖರೀದಿಯ ಬಹುಭಾಗ ಮಾರುಕಟ್ಟೆಯ ಚೀಟಿಗಳಿಂದ ಹೊಂದಿತು. ಎಲ್ಲಿಯೂ ದೊರೆಯದೇ ಹೋದದ್ದು ರೈತರೊಂದಿಗಿನ ಕೊಡು-ಕೊಳ್ಳುವ ಲೆಕ್ಕ: ಬಿತ್ತನೆಗೆ ಕೊಟ್ಟ ಮುಂಗಡ, ಮದುವೆಗೆಂದು ಒಯ್ದ ಕೈಗಡ, ಮಾಲು ಹಾಕಿ ಅರ್ಧ ಹಣ ನಮ್ಮಲ್ಲಿಯೇ ಬಿಟ್ಟುಹೋದವರ ಬಾಕಿ. ಇದು ಯಾವ ಸರಕಾರಿ ಜಾಲತಾಣಕ್ಕೂ ಹೋಗುವ ವಿವರವಲ್ಲ. ದೇವರ ಹಿಪ್ಪರಗಿ ಕಡೆಯ ಒಬ್ಬ ಹಿರಿಯ ರೈತರು ತಮ್ಮ ಬಾಕಿ ಕೇಳಲು ಬಂದಾಗ ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಅವರು ಟೊಪ್ಪಿಗೆಯೊಳಗಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನ ಗುಮಾಸ್ತನ ಅಕ್ಷರ, ನನ್ನ ಸಹಿ, ತಾರೀಖು ಎಲ್ಲವೂ ಸರಿಯಾಗಿದ್ದವು. ಅವರ ಚೀಟಿ ಉಳಿದಿತ್ತು. ನನ್ನ ಡಿಸ್ಕು ಉಳಿದಿರಲಿಲ್ಲ. ಚೀಟಿ ಇಟ್ಟುಕೊಳ್ಳದ ಕೆಲವರೊಂದಿಗೆ ಮಾತಿಗೆ ಮಾತು ಬೆಳೆಯಿತು. ಎರಡು ಮನೆತನಗಳು ಇಂದಿಗೂ ನಮ್ಮ ಅಂಗಡಿಗೆ ಮಾಲು ತರುವುದಿಲ್ಲ. ಅವರು ಹೇಳಿದ ಮೊತ್ತ ಸರಿಯಿತ್ತೋ, ನನ್ನ ನೆನಪು ಸರಿಯಿತ್ತೋ ಎಂಬುದನ್ನು ಈಗ ಯಾರೂ ಹೇಳಲಾರರು.

ಡಿಸ್ಕನ್ನು ಓದುವುದು ಬೇರೆ, ಅದರಿಂದ ಆರಂಭಿಸುವುದು ಬೇರೆ

ನಡೆದುದನ್ನು ಬಲ್ಲವರ ಮುಂದೆ ಹೇಳಿದಾಗ ನಾನು ಕಲಿತ ಮೊದಲ ಪಾಠವಿದು. ಹಳೆಯ ಗಣಕ ತನ್ನದೇ ವಿಂಡೋಸ್‌ನಿಂದ ಚೆನ್ನಾಗಿ ಓಡುತ್ತಿತ್ತು. ಅದರ ಡಿಸ್ಕನ್ನು ಬಿಚ್ಚದೆ ಹಾಗೆಯೇ ಬಿಟ್ಟು, ಹೊಸದರ ಡಿಸ್ಕನ್ನು ಎರಡನೆಯ ಡಿಸ್ಕಾಗಿ ಜೋಡಿಸಿದ್ದರೆ ವಿಂಡೋಸ್ 7 ಅದನ್ನು ಸಲೀಸಾಗಿ ಓದುತ್ತಿತ್ತು. ಲೆಕ್ಕದ ಕಡತಗಳನ್ನು ಹತ್ತು ನಿಮಿಷದಲ್ಲಿ ನಕಲು ಮಾಡಿಕೊಳ್ಳಬಹುದಾಗಿತ್ತು. ಜಿಪಿಟಿ ಶೈಲಿಯ ಡಿಸ್ಕಿನಿಂದ ಹಳೆಯ ಬಯೋಸ್ ಗಣಕದಲ್ಲಿ ವಿಂಡೋಸ್ ಆರಂಭವಾಗದು, ಆದರೆ ಅದರಲ್ಲಿರುವ ಮಾಹಿತಿಯನ್ನು ಓದಲು ಅಡ್ಡಿಯಿಲ್ಲ. ಸಾಮಾನ್ಯ 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿ ಮಾತ್ರ ಅಂಥ ಡಿಸ್ಕನ್ನು ಓದಲಾರದು. ಅಂದರೆ, ನಾವು ಕಳೆದುಕೊಂಡದ್ದು ಯಂತ್ರದೋಷದಿಂದಲ್ಲ. ಗುಮಾಸ್ತ ಕಾಯಿಲೆ ಬಿದ್ದನೆಂದು ಕಿರ್ದಿಯನ್ನೇ ಸುಟ್ಟಂತೆ ನಾವು ಮಾಡಿಕೊಂಡಿದ್ದೆವು.

ಗುಮಾಸ್ತನ ಹೋಲಿಕೆಯನ್ನು ಇನ್ನಷ್ಟು ಬೆಳೆಸಬಹುದು. ಡಿಸ್ಕಿನಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಒಂದು ನಮ್ಮ ಲೆಕ್ಕ. ಇನ್ನೊಂದು ಆ ಲೆಕ್ಕವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ. ಲೆಕ್ಕ ಎಲ್ಲಿಗೆ ಹೋದರೂ ಅದೇ ಲೆಕ್ಕ. ಆಪರೇಟಿಂಗ್ ಸಿಸ್ಟಂ ಹಾಗಲ್ಲ. ಹಲವು ವರ್ಷ ಒಂದೇ ಅಂಗಡಿಯಲ್ಲಿ ಇದ್ದ ಗುಮಾಸ್ತನಂತೆ ಅದು ಯಾವ ಬೀಗಕ್ಕೆ ಯಾವ ಕೀಲಿಕೈ, ಯಾವ ಬಾಗಿಲು ಎಲ್ಲಿ ಎಂಬುದನ್ನು ಆ ಯಂತ್ರಕ್ಕೆ ತಕ್ಕಂತೆ ರೂಢಿಸಿಕೊಂಡಿರುತ್ತದೆ. ಬೇರೆ ಅಂಗಡಿಗೆ ಕಳಿಸಿದರೆ ಮೊದಲ ದಿನ ಬಾಗಿಲು ತೆರೆಯಲೂ ಅವನಿಗೆ ಬಾರದೇ ಹೋಗಬಹುದು.

ತಾಂತ್ರಿಕವಾಗಿ ಹೇಳುವುದಾದರೆ ಡಿಸ್ಕನ್ನು ತಲುಪುವ ದಾರಿಯೇ ಮೊದಲ ಬಾಗಿಲು. ಹೊಸ ಯಂತ್ರಗಳಲ್ಲಿ ಡಿಸ್ಕಿನ ನಿಯಂತ್ರಕ ಎಎಚ್‌ಸಿಐ ಎಂಬ ರೀತಿಯಲ್ಲಿ ಕೆಲಸ ಮಾಡುತ್ತದೆ; ಹಳೆಯವುಗಳಲ್ಲಿ ಐಡಿಇ ರೀತಿಯಲ್ಲಿ. ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7 ತಾವು ಮೊದಲು ಕೂತ ಯಂತ್ರದ ರೀತಿಯನ್ನಷ್ಟೇ ಆರಂಭದಲ್ಲಿ ಎಬ್ಬಿಸಿಕೊಳ್ಳುತ್ತವೆ. ರೀತಿ ಬದಲಾದರೆ ಅರ್ಧ ದಾರಿಯಲ್ಲಿ ಡಿಸ್ಕು ಕಾಣದಂತಾಗಿ, ನೀಲಿ ಪರದೆಯ ಮೇಲೆ 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಮೂಡುತ್ತದೆ. ಈ ಸಂಖ್ಯೆಯನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಅದನ್ನು ಕಂಡೊಡನೆ ಡಿಸ್ಕು ಹೋಯಿತೆಂದು ಕೈಬಿಡಬಾರದು. ‘ಆರಂಭದ ಡಿಸ್ಕನ್ನು ತಲುಪಲಾಗುತ್ತಿಲ್ಲ’ ಎಂಬುದಷ್ಟೇ ಅದರ ಅರ್ಥ. ಹಲವು ಯಂತ್ರಗಳಲ್ಲಿ ಬಯೋಸ್‌ನೊಳಗೆ ಹೋಗಿ ಈ ರೀತಿಯನ್ನು ಮೊದಲಿನ ಯಂತ್ರದಲ್ಲಿದ್ದಂತೆ ಬದಲಿಸಿದರೆ ದಾರಿ ತೆರೆಯುತ್ತದೆ. ಎಕ್ಸ್‌ಪಿಯಲ್ಲಿ ಇದಲ್ಲದೆ ‘ಹಾಲ್’ ಎಂಬ ಕಡತವು ಮದರ್‌ಬೋರ್ಡಿನ ಬಗೆಗೆ ಹೊಂದಬೇಕು. ಹೊಂದದಿದ್ದರೆ ನೀಲಿ ಪರದೆಯೂ ಬಾರದೆ ಯಂತ್ರ ಸುಮ್ಮನೆ ನಿಂತುಬಿಡಬಹುದು. ವಿಂಡೋಸ್ 10 ಮತ್ತು 11 ಈ ವಿಷಯದಲ್ಲಿ ಹೆಚ್ಚು ಹೊಂದಿಕೊಳ್ಳುವಂಥವು. ಬಹುಪಾಲು ಸಂದರ್ಭಗಳಲ್ಲಿ ಅವು ಹೊಸ ಯಂತ್ರಾಂಶವನ್ನು ಗುರುತಿಸಿ ಕೆಲ ನಿಮಿಷಗಳಲ್ಲಿ ಏಳುತ್ತವೆ.

ಹಿಂದಕ್ಕೆ ಹೋಗುವುದು ಕಠಿಣ

ಹಳೆಯ ಗಣಕದ ಡಿಸ್ಕನ್ನು ಹೊಸದಕ್ಕೆ ಹಾಕುವುದಕ್ಕಿಂತ ಹೊಸದರ ಡಿಸ್ಕನ್ನು ಹಳೆಯದಕ್ಕೆ ಹಾಕುವುದು ಸಾಮಾನ್ಯವಾಗಿ ಕಠಿಣ. ಹೊಸ ಯಂತ್ರಗಳಲ್ಲಿ ಹಳೆಯ ರೀತಿಗಳಿಗೂ ಕೆಲಮಟ್ಟಿಗೆ ಜಾಗವಿರುತ್ತದೆ. ಹಳೆಯ ಯಂತ್ರಕ್ಕೆ ಮುಂದೆ ಬರಲಿರುವುದರ ಕಲ್ಪನೆ ಇರಲು ಸಾಧ್ಯವಿಲ್ಲ.

ಮೊದಲ ತೊಡಕು ತಂತಿಯಲ್ಲಿಯೇ ಇದೆ. 2003ರ ನಂತರ ಬಳಕೆಗೆ ಬಂದ ಸಾಟಾ ತಂತಿ ಅದಕ್ಕೂ ಹಳೆಯ, ಅಗಲ ಪಟ್ಟಿಯ ಐಡಿಇ ಯಂತ್ರಗಳಿಗೆ ನೇರವಾಗಿ ಹೊಂದದು. ಈಚಿನ ಗಣಕಗಳಲ್ಲಿ ಡಿಸ್ಕು ಚೂಯಿಂಗ್ ಗಮ್ಮಿನ ಪಟ್ಟಿಯಂತಿರುವ ಎನ್‌ವಿಎಂಇ ತುಂಡಾಗಿರುತ್ತದೆ. ಹಳೆಯ ಮದರ್‌ಬೋರ್ಡಿನಲ್ಲಿ ಅದಕ್ಕೆ ಗೂಡೇ ಇಲ್ಲ. ಹೊರಗಿನಿಂದ ಗೂಡು ಕೊಟ್ಟರೂ ಹಳೆಯ ಬಯೋಸ್ ಅದರಿಂದ ಆರಂಭಿಸಲು ಅರಿಯದು. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೋರ್ಡು ಸುಟ್ಟರೆ ಬಿಚ್ಚಿ ತೆಗೆಯಲು ಅಲ್ಲಿ ಡಿಸ್ಕೇ ಇರುವುದಿಲ್ಲ. ಕೊಳ್ಳುವಾಗಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಪ್ರೊಸೆಸರ್. 64 ಬಿಟ್ಟಿನ ವಿಂಡೋಸ್ 32 ಬಿಟ್ಟಿನ ಪ್ರೊಸೆಸರಿನ ಮೇಲೆ ಯಾವ ಉಪಾಯದಿಂದಲೂ ಓಡದು. ವಿಂಡೋಸ್ 11ರ 2024ರ ಆವೃತ್ತಿಯು ತೀರ ಹಳೆಯ ಪ್ರೊಸೆಸರುಗಳಲ್ಲಿ ಇಲ್ಲದ ಕೆಲವು ಆದೇಶಗಳನ್ನು ಬಯಸುತ್ತದೆ; ಅವಿಲ್ಲದಿದ್ದರೆ ಆರಂಭವೇ ಆಗದು. ಅವು ಇದ್ದು ಆರಂಭವಾದರೂ ಟಿಪಿಎಂ ಮುಂತಾದ ಅಧಿಕೃತ ಅರ್ಹತೆ ಇಲ್ಲದ ಯಂತ್ರದಲ್ಲಿ ಅದನ್ನು ಕಾಯಂ ಆಗಿ ನೆಚ್ಚುವುದು ಸರಿಯಲ್ಲ.

ಮೂರನೆಯದು ಹಲವರಿಗೆ ತಿಳಿಯದ ಬೀಗ. ಹೊಸ ವಿಂಡೋಸ್ 11 ಗಣಕಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕು ತಾನಾಗಿಯೇ ಗೂಢಲಿಪಿಗೆ ಒಳಪಟ್ಟಿರುವ ಸಾಧ್ಯತೆ ಹೆಚ್ಚು. ಅಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಎರಡನೆಯ ಡಿಸ್ಕಾಗಿ ಓದಲು ಹೋದರೂ ಅದನ್ನೇ ಕೇಳುತ್ತದೆ. ಕೀಲಿ ಯಾರದೋ ಹೆಸರಿನ ಖಾತೆಯಲ್ಲಿದ್ದು, ಗಣಕ ಹಾಕಿಕೊಟ್ಟವನು ಊರು ಬಿಟ್ಟಿದ್ದರೆ ಡಿಸ್ಕು ಕೈಯಲ್ಲಿದ್ದೂ ಲೆಕ್ಕ ಇಲ್ಲದಂತಾಗುತ್ತದೆ. ಕಳ್ಳತನದ ವಿರುದ್ಧ ಇದು ಒಳ್ಳೆಯ ರಕ್ಷಣೆಯೇ. ಆದರೆ ತಿಜೋರಿ ಕೊಂಡವರು ಕೀಲಿಕೈ ಎಲ್ಲಿದೆಯೆಂದು ತಿಳಿದಿರಬೇಕು.

ಇನ್ನು ಪರವಾನಗಿಯ ಮಾತು. ಗಣಕದೊಂದಿಗೇ ಬಂದ ವಿಂಡೋಸ್ ಆ ಯಂತ್ರಕ್ಕೆ ಕಟ್ಟಿದ್ದು. ಪ್ರತ್ಯೇಕವಾಗಿ ಕೊಂಡದ್ದನ್ನು ಹಳೆಯದರಿಂದ ತೆಗೆದು ಬೇರೆಯದಕ್ಕೆ ಒಯ್ಯಬಹುದು. ನಮ್ಮಲ್ಲಿ ಬಹುಜನ ಬಳಸುವ, ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶದ ಪರವಾನಗಿಯೂ ಯಂತ್ರವನ್ನು ಗುರುತಿಟ್ಟುಕೊಳ್ಳುತ್ತದೆ. ಯಂತ್ರ ಬದಲಾದರೆ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸಬೇಕಾಗುತ್ತದೆ. ಇದಕ್ಕೆ ಬೇಕಾದ ಕ್ರಮಸಂಖ್ಯೆ ಮತ್ತು ನೋಂದಾಯಿತ ಮಿಂಚಂಚೆ ವಿಳಾಸ ಕೆಟ್ಟ ಗಣಕದೊಳಗೆ ಮಾತ್ರ ಇದ್ದರೆ ಪ್ರಯೋಜನವಿಲ್ಲ.

ಹಳೆಯ ಪೆಟ್ಟಿಗೆಯ ಸ್ಥಿತಿಯನ್ನೂ ಮರೆಯಬಾರದು. ಬೇಳೆ ಗಿರಣಿಯ ಧೂಳು ಮತ್ತು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪವರ್ ಸಪ್ಲೈಯಲ್ಲಿ ಕೆಪಾಸಿಟರುಗಳು ಉಬ್ಬಿರಬಹುದು. ಒಳ್ಳೆಯ ಡಿಸ್ಕನ್ನು ಅದಕ್ಕೆ ಜೋಡಿಸುವುದೆಂದರೆ ಮುರಿದ ಚಕ್ಕಡಿಯಲ್ಲಿ ಗಾಜಿನ ಮಾಲು ಹೇರಿದಂತೆ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಗಣಕದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಅದನ್ನು ಗಮನಿಸದೆ ಬಿಲ್ಲು ಹಾಕಿದರೆ ಲೆಕ್ಕವೆಲ್ಲ ತಪ್ಪು ತಾರೀಖಿನಲ್ಲಿ ಕೂಡುತ್ತದೆ; ಬ್ಯಾಂಕಿನ ಮತ್ತು ತೆರಿಗೆಯ ಜಾಲತಾಣಗಳೂ ತೆರೆಯಲು ನಿರಾಕರಿಸುತ್ತವೆ. ಸಣ್ಣ ಬ್ಯಾಟರಿ ತರುವ ತೊಂದರೆ ಇಷ್ಟು ದೊಡ್ಡದು.

ಹಾಗಾದರೆ ಹಳೆಯ ಗಣಕ ಬೇಡವೇ?

ಇಷ್ಟೆಲ್ಲ ಓದಿದವರು ಹಳೆಯ ಗಣಕವನ್ನು ಗುಜರಿಗೆ ಹಾಕುವುದೇ ಲೇಸೆಂದು ತೀರ್ಮಾನಿಸಬಹುದು. ನನ್ನ ಅಭಿಪ್ರಾಯ ಅದಲ್ಲ. ನಮ್ಮ ನಾಲ್ಕು ತಾಲೂಕುಗಳ ಪರಿಸ್ಥಿತಿಯಲ್ಲಿ ಹಳೆಯ ಗಣಕಕ್ಕೆ ಅದರದೇ ಸ್ಥಾನವಿದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲು ಇಲ್ಲ. ಬಿಡಿಭಾಗಕ್ಕೆ ವಿಜಯಪುರಕ್ಕೋ, ಇಂಡಿಯವರಾದರೆ ಸೊಲ್ಲಾಪುರಕ್ಕೋ ಹೋಗಿ ಬರಲು ಒಂದು ದಿನ ಬೇಕು. ಅಲ್ಲಿಯೂ ದೊರೆಯದಿದ್ದರೆ ವಾರವೇ ಕಳೆಯುತ್ತದೆ. ಆ ವಾರ ತೊಗರಿಯ ಸುಗ್ಗಿಯದೋ, ವಿವರಣಾ ಪತ್ರ ಸಲ್ಲಿಸುವ ಕೊನೆಯ ವಾರವೋ ಆಗಿದ್ದರೆ ಕೈಯಲ್ಲಿರುವ ಹಳೆಯ ಯಂತ್ರ ಬಂಗಾರಕ್ಕೆ ಸಮ.

ಹಳೆಯ ಯಂತ್ರದಲ್ಲಿ ಇರುವ ಕೆಲವು ಅನುಕೂಲಗಳು ಹೊಸದರಲ್ಲಿ ಇಲ್ಲ. ಲಾರಿ ತೂಗುವ ವೇಬ್ರಿಜ್ಜಿನಿಂದ ತೂಕವನ್ನು ಗಣಕಕ್ಕೆ ತರುವ ತಂತಿ ಹಲವೆಡೆ ಇಂದಿಗೂ ಸೀರಿಯಲ್ ಪೋರ್ಟಿನದು. ಮೂರು ಪ್ರತಿಯ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಹಳೆಯ ತಂತ್ರಾಂಶದ ಪರವಾನಗಿಯನ್ನು ಹೊತ್ತ ಡಾಂಗಲ್ ಇವು ಅಗಲ ಬಾಯಿಯ ಪ್ಯಾರಲಲ್ ಪೋರ್ಟನ್ನು ಬೇಡುತ್ತವೆ. ಜಿನ್ನಿಂಗ್ ಕಾರ್ಖಾನೆಯ ವೇಬ್ರಿಜ್ ಗಣಕ ಕೆಟ್ಟಾಗ ಅದರ ಡಿಸ್ಕನ್ನು ಹಳೆಯ ಯಂತ್ರಕ್ಕೆ ಒಯ್ಯಲು ಮನಸ್ಸಾಗುವುದು ಜಿಪುಣತನದಿಂದಲ್ಲ, ಅಲ್ಲಿ ಪೋರ್ಟು ಇದೆಯೆಂಬ ಕಾರಣದಿಂದ. ಹಾಗೆಯೇ ನುಡಿ ತಂತ್ರಾಂಶದ ಹಳೆಯ ಅಕ್ಷರರೂಪದಲ್ಲಿ ಬರೆದಿಟ್ಟ ಸಂಘದ ಠರಾವು, ಗ್ರಾಹಕರ ಯಾದಿ, ಪತ್ರವ್ಯವಹಾರಗಳು ಆ ಅಕ್ಷರರೂಪವಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಹಳೆಯ ಯಂತ್ರದಲ್ಲಿ ಅವು ಇದ್ದಂತೆಯೇ ಓದಲು ಬರುತ್ತವೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಬೆಂಬಲ ನಿಂತ ವ್ಯವಸ್ಥೆಯ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬಾಗಿಲಿಲ್ಲದ ಅಂಗಡಿಯಲ್ಲಿ ಗಲ್ಲೆ ತೆರೆದಿಟ್ಟಂತೆ. ತೂಕಕ್ಕೆ, ಬಿಲ್ಲಿಗೆ, ಹಳೆಯ ಕಡತಗಳನ್ನು ಓದಲಿಕ್ಕೆ ಮಾತ್ರ ಅದನ್ನು ಬಳಸಬೇಕು.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಹೇಗೆ ಎಂದು ಕೆಲವು ತರುಣ ಮಿತ್ರರು ಕೇಳುತ್ತಾರೆ. ಡಿಸ್ಕನ್ನು ಯಂತ್ರದಿಂದ ಯಂತ್ರಕ್ಕೆ ಒಯ್ಯುವ ವಿಷಯದಲ್ಲಿ ಲಿನಕ್ಸ್ ಹೆಚ್ಚು ಸರಳವೆಂಬುದು ನಿಜ. ಬೇರೆ ಬೇರೆ ಯಂತ್ರಾಂಶಗಳ ಚಾಲಕಗಳು ಅದರೊಳಗೇ ಇರುವುದರಿಂದ ಅದು ಬಹುತೇಕ ಸುಮ್ಮನೆ ಎದ್ದು ನಿಲ್ಲುತ್ತದೆ. ಅದಕ್ಕೆ ಪ್ರತ್ಯೇಕ ಪರವಾನಗಿಯ ತೊಡಕೂ ಇಲ್ಲ. ಆದರೆ ನಾವು ಬಳಸುವ ಲೆಕ್ಕದ ತಂತ್ರಾಂಶಗಳು ಬಹುಪಾಲು ವಿಂಡೋಸ್‌ಗಾಗಿ ಬರೆದಂಥವು, ಲಿನಕ್ಸ್‌ನಲ್ಲಿ ನೇರವಾಗಿ ಓಡವು. ಅಲ್ಲದೆ ಲಿನಕ್ಸ್‌ನ ಪ್ರಮುಖ ಆವೃತ್ತಿಗಳೂ 32 ಬಿಟ್ಟಿನ ಯಂತ್ರಗಳನ್ನು ಕೈಬಿಡುತ್ತ ಬಂದಿವೆ. ಆದ್ದರಿಂದ ಕೆಟ್ಟ ಯಂತ್ರದ ಡಿಸ್ಕಿನಿಂದ ಕಡತಗಳನ್ನು ನಕಲು ಮಾಡಿಕೊಳ್ಳಲು ಪೆನ್‌ಡ್ರೈವ್‌ನಲ್ಲಿ ಒಂದು ಲಿನಕ್ಸ್ ಇಟ್ಟುಕೊಳ್ಳುವುದು ಬಹಳ ಉಪಯುಕ್ತ. ದಿನನಿತ್ಯದ ಲೆಕ್ಕಕ್ಕೆ ಅದನ್ನೇ ನೆಚ್ಚುವುದು ಎಲ್ಲರಿಗೂ ಸಾಧ್ಯವಾಗದು.

ಕಾನೂನು ಏನು ಕೇಳುತ್ತದೆ

ಲೆಕ್ಕ ಹೋದರೆ ಹೋಯಿತು, ಮುಂದಿನ ವರ್ಷ ಹೊಸದಾಗಿ ಬರೆಯೋಣ ಎನ್ನಲು ಕಾನೂನು ಬಿಡುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ನೋಂದಾಯಿತ ವರ್ತಕನು ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣಾ ಪತ್ರದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಯ್ದಿಡಬೇಕು. 2023-24ರ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಂಡರೆ ಅದರ ಕೊನೆಯ ದಿನಾಂಕ 2024ರ ಡಿಸೆಂಬರ್ 31 ಆಗಿತ್ತು. ಅಂದರೆ ಆ ಲೆಕ್ಕ 2030ರ ಡಿಸೆಂಬರ್ 31ರವರೆಗೂ ಓದುವ ಸ್ಥಿತಿಯಲ್ಲಿರಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಅವಧಿ ಇನ್ನೂ ಉದ್ದವಾಗಬಹುದು. ಸಾಮಾನ್ಯ ಡಿಸ್ಕಿಗೆ ತಯಾರಕರು ಕೊಡುವ ಖಾತರಿ ಬಹುಮಟ್ಟಿಗೆ 2 ಅಥವಾ 3 ವರ್ಷ. ಕಾನೂನು ಕೇಳುವ ಕಾಲಕ್ಕೂ ಡಿಸ್ಕಿನ ಖಾತರಿಗೂ ಇರುವ ಅಂತರವನ್ನು ತುಂಬಬೇಕಾದವರು ನಾವು.

ಜಿಎಸ್‌ಟಿ ನಿಯಮಾವಳಿಯ 57ನೆಯ ನಿಯಮ ಇನ್ನೂ ಸ್ಪಷ್ಟವಾಗಿದೆ. ಗಣಕದಲ್ಲಿ ಲೆಕ್ಕ ಇಡುವವರು ಅದರ ಪ್ರತಿಯನ್ನು ಕಾಪಾಡಬೇಕು. ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಲೆಕ್ಕ ನಾಶವಾದರೆ ಅದನ್ನು ಯುಕ್ತ ಕಾಲಾವಧಿಯಲ್ಲಿ ಮರಳಿ ಪಡೆಯುವಂತಿರಬೇಕು. ಮದರ್‌ಬೋರ್ಡ್ ಸುಟ್ಟಿತೆಂಬ ಕಾರಣ ಅಧಿಕಾರಿಗಳ ಮುಂದೆ ನಿಲ್ಲುವಂಥದ್ದಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡವರಿಗೆ ಕಂಪನಿ ಕಾಯಿದೆಯಂತೆ 8 ವರ್ಷಗಳ ಲೆಕ್ಕ ಇರಬೇಕು. 2023ರ ಏಪ್ರಿಲ್ 1ರಿಂದ ಅವರ ಲೆಕ್ಕದ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಿಕೊಳ್ಳುವಂಥದ್ದಾಗಿರಬೇಕು. ಕಳೆದ ಲೆಕ್ಕವನ್ನು ನೆನಪಿನಿಂದ ಮತ್ತೆ ಬರೆದಾಗ ಈ ಜಾಡು ಮೊದಲಿನಂತೆ ಇರಲು ಸಾಧ್ಯವಿಲ್ಲ.

ಮಾಡಬೇಕಾದುದು

ಇಂಡಿಯ ನಿಂಬೆ ವ್ಯಾಪಾರಿ ಮಿತ್ರರೊಬ್ಬರ ಕ್ರಮ ನನಗೆ ಮಾದರಿಯಾಗಿ ಕಾಣುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅವರೂ ನಮ್ಮಂತೆಯೇ ಕಿರ್ದಿಯ ಜೊತೆ ಗಣಕಕ್ಕೂ ಕುಂಕುಮ ಹಚ್ಚುತ್ತಾರೆ. ಪೂಜೆಯ ಹಿಂದಿನ ದಿನ ಮಾತ್ರ ಅವರು ಇನ್ನೊಂದು ಕೆಲಸ ಮಾಡುತ್ತಾರೆ. ಗಣಕದ ಡಿಸ್ಕಿನ ಪೂರ್ಣ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ತೆಗೆದು, ಆ ಪಡಿಯಚ್ಚನ್ನು ಹಳೆಯ ಯಂತ್ರಕ್ಕೆ ಹಾಕಿ ಚಾಲೂ ಮಾಡಿ ನೋಡುತ್ತಾರೆ. ಮೊದಲ ವರ್ಷ ಅದು ಆರಂಭವಾಗಲಿಲ್ಲ. ಅವಸರವಿರಲಿಲ್ಲವಾದ್ದರಿಂದ ದುರಸ್ತಿಗಾರ ನಿಧಾನವಾಗಿ ಬಯೋಸ್‌ನಲ್ಲಿ ಡಿಸ್ಕಿನ ರೀತಿಯನ್ನು ಬದಲಿಸಿ ಎಬ್ಬಿಸಿದ. ಏನು ಬದಲಿಸಿದೆನೆಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದ. ಎರಡು ವರ್ಷದ ಮೇಲೆ ಅವರ ಗಣಕ ನಿಜವಾಗಿಯೂ ಕೆಟ್ಟಾಗ ಅರ್ಧ ಗಂಟೆಯಲ್ಲಿ ಅಂಗಡಿ ನಡೆಯಿತು. ಉಪಾಯ ನಮ್ಮದೂ ಅವರದೂ ಒಂದೇ ಆಗಿತ್ತು. ಅವರು ಅದನ್ನು ಬಿಡುವಿನ ದಿನ, ಪಡಿಯಚ್ಚಿನ ಮೇಲೆ ಮಾಡಿದ್ದರು.

ಈ ಅನುಭವಗಳಿಂದ ನಾನು ಪಾಲಿಸುತ್ತಿರುವ ಕೆಲವು ನಿಯಮಗಳನ್ನು ಓದುಗರ ಅವಗಾಹನೆಗೆ ತರುತ್ತೇನೆ.

1. ಲೆಕ್ಕದ ಪ್ರತಿ ಮೂರು ಇರಬೇಕು: ಗಣಕದಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಅಥವಾ ಬೇರೆ ಊರಿನಲ್ಲಿ ಒಂದು. ಅಂತರ್ಜಾಲದ ಸಂಗ್ರಹವೂ ಮೂರನೆಯದಾಗಬಹುದು. ಹೊರಗಿನ ಡಿಸ್ಕನ್ನು ಸದಾ ಗಣಕಕ್ಕೆ ಜೋಡಿಸಿಯೇ ಇಟ್ಟರೆ ಒಂದೇ ವಿದ್ಯುತ್ ಹೊಡೆತಕ್ಕೆ ಎರಡೂ ಹೋದಾವು.

2. ಪ್ರತಿ ತೆಗೆದರೆ ಸಾಲದು, ತಿಂಗಳಿಗೊಮ್ಮೆ ಅದನ್ನು ತೆರೆದು ಓದಿ ನೋಡಬೇಕು. ತಾರೀಖು ನೋಡದ ಪ್ರತಿಯ ಗತಿ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇನೆ.

3. ಗಣಕ ಕೆಟ್ಟ ದಿನ ಮೊದಲು ಡಿಸ್ಕನ್ನು ಎರಡನೆಯದಾಗಿ ಜೋಡಿಸಿ ಲೆಕ್ಕದ ಕಡತಗಳನ್ನು ನಕಲು ಮಾಡಿಕೊಳ್ಳಬೇಕು. ಅದರಿಂದ ಆರಂಭಿಸುವ ಪ್ರಯತ್ನ ಅನಂತರದ್ದು. ಫಾರ್ಮ್ಯಾಟ್, ಡಿಲೀಟ್, ಇನಿಶಿಯಲೈಸ್ ಎಂಬ ಶಬ್ದಗಳು ಪರದೆಯ ಮೇಲೆ ಬಂದರೆ ಮಾಲೀಕನನ್ನು ಕೇಳದೆ ಒತ್ತಬಾರದೆಂದು ದುರಸ್ತಿಗಾರನಿಗೆ ಮೊದಲೇ ಹೇಳಿರಬೇಕು.

4. ಇಡೀ ವ್ಯವಸ್ಥೆಯ ಪಡಿಯಚ್ಚು ತೆಗೆಯಲು ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳಿವೆ. ಪಡಿಯಚ್ಚಿನ ಡಿಸ್ಕು ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎರಡು ಬಾರಿ ನೋಡಿಯೇ ಮುಂದುವರಿಯಬೇಕು. ತಿರುವುಮುರುವಾದರೆ ಖಾಲಿ ಡಿಸ್ಕು ಲೆಕ್ಕದ ಡಿಸ್ಕನ್ನು ನುಂಗುತ್ತದೆ.

5. ಗೂಢಲಿಪಿಯ 48 ಅಂಕಿ, ತಂತ್ರಾಂಶಗಳ ಕ್ರಮಸಂಖ್ಯೆ, ನೋಂದಾಯಿತ ಮಿಂಚಂಚೆ ವಿಳಾಸ, ಬಯೋಸ್‌ನ ಸ್ಥಿತಿ ಇವನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಬೇಕು.

6. ಯುಪಿಎಸ್‌ನ ಬ್ಯಾಟರಿ ಮತ್ತು ಹಳೆಯ ಯಂತ್ರದ ನಾಣ್ಯದ ಬ್ಯಾಟರಿಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು.

7. ರೈತರಿಗೆ, ಗಿರಾಕಿಗಳಿಗೆ ಸಹಿ ಮಾಡಿದ ಕಾಗದದ ಚೀಟಿ ಕೊಡುವ ಪದ್ಧತಿಯನ್ನು ಬಿಡಬಾರದು. ನಮ್ಮ ಕಡೆಯೂ ಅದರ ಪ್ರತಿ ಇರಬೇಕು.

ಎಲ್ಲವನ್ನೂ ಮೇಘಸಂಗ್ರಹಕ್ಕೆ ಒಯ್ದರೆ ಈ ಗೊಡವೆಯೇ ಇಲ್ಲವಲ್ಲ ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ, ಅನುಕೂಲವಿದ್ದವರು ಒಯ್ಯಲಿ. ಆದರೆ ಅಂತರ್ಜಾಲ ನಿಂತ ದಿನವೂ ತೂಕ ನಡೆಯಬೇಕು, ಚಂದಾ ಕಟ್ಟಲು ಮರೆತ ತಿಂಗಳೂ ಹಳೆಯ ಲೆಕ್ಕ ಕಾಣಬೇಕು. ಆದ್ದರಿಂದ ಮೇಘವೂ ಒಂದು ಪ್ರತಿಯ ಸ್ಥಾನದಲ್ಲಿರಲಿ, ಅದೊಂದೇ ಪ್ರತಿಯಾಗುವುದು ಬೇಡ. ಹೊಸ ಗಣಕವನ್ನೇ ಕೊಳ್ಳಿರಿ ಎನ್ನುವವರಿಗೆ ಉತ್ತರ ಇನ್ನೂ ಸರಳ: ಹೊಸ ಗಣಕ ಹಣಕ್ಕೆ ಸಿಗುತ್ತದೆ, ಹಳೆಯ ಲೆಕ್ಕ ಹಣಕ್ಕೆ ಸಿಗದು.

ಕೊನೆಯದಾಗಿ ನಮ್ಮ ವಾಣಿಜ್ಯ ಸಂಸ್ಥೆಗೆ ಒಂದು ವಿನಂತಿ. ತೆರಿಗೆಯ ಬಗ್ಗೆ, ಮಾರುಕಟ್ಟೆಯ ಬಗ್ಗೆ ಕಾರ್ಯಾಗಾರ ನಡೆಸುವಂತೆ ಈ ವಿಷಯವಾಗಿಯೂ ನಾಲ್ಕು ತಾಲೂಕು ಸ್ಥಳಗಳಲ್ಲಿ ಅರ್ಧ ದಿನದ ಒಂದೊಂದು ಶಿಬಿರ ಏರ್ಪಡಿಸಬೇಕು. ಮಾಲೀಕರಷ್ಟೇ ಬಂದರೆ ಸಾಲದು. ಗುಮಾಸ್ತರು ಮತ್ತು ನಮ್ಮ ಊರುಗಳಲ್ಲಿಯೇ ಗಣಕ ದುರಸ್ತಿ ಮಾಡುವ ತರುಣರು ಅದರಲ್ಲಿ ಕೂಡಬೇಕು. ಆ ತರುಣರು ನಮ್ಮ ಬಾಯಿಗೆ ಬೈಗುಳವಾಗುವುದು ಬೇಡ. ಅವರಿಗೆ ತಿಳಿವಳಿಕೆ, ನಮಗೆ ತಾಳ್ಮೆ ಎರಡೂ ಬರಲಿ. ಸದಸ್ಯರು ತುರ್ತಿಗೆ ಒಯ್ಯಬಹುದಾದ ಒಂದೆರಡು ಡಿಸ್ಕು ಗೂಡುಗಳನ್ನೂ ಪರಿವರ್ತಕ ತಂತಿಗಳನ್ನೂ ಪ್ರತಿ ತಾಲೂಕಿನ ಸಂಘದ ಕಚೇರಿಯಲ್ಲಿ ಇರಿಸಿದರೆ ಆಗುವ ಖರ್ಚು ಒಂದು ಸತ್ಕಾರ ಸಮಾರಂಭದ ಹಾರ-ಶಾಲಿನ ಖರ್ಚಿಗಿಂತ ಹೆಚ್ಚಾಗದು.

ಅಡತಿಯವನ ಬಳಿ ರೈತ ಹಣ ಬಿಟ್ಟುಹೋಗುವುದು ಗಣಕವನ್ನು ನಂಬಿ ಅಲ್ಲ, ಅಂಗಡಿಯನ್ನು ನಂಬಿ. ಬರುವ ದೀಪಾವಳಿಗೆ ಗಣಕಕ್ಕೆ ಕುಂಕುಮ ಹಚ್ಚುವ ಮುನ್ನ ಅದರ ಪಡಿಯಚ್ಚೊಂದನ್ನು ತೆಗೆದು, ಹಳೆಯ ಯಂತ್ರದಲ್ಲಿ ಒಮ್ಮೆ ಚಾಲೂ ಮಾಡಿ ನೋಡಬೇಕೆಂದು ವರ್ತಕ ಬಾಂಧವರಲ್ಲಿ ನನ್ನ ಕಳಕಳಿಯ ಪ್ರಾರ್ಥನೆ.